ಹೆಚ್ಚಿಸಿದ ಹಿಟ್ಟು

ನಮ್ಮೂರಿನಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಯಾವತ್ತೂ ಸಮವಾಗಿಯೇ ನಿಲ್ಲುತ್ತವೆ. ಒಂದರಲ್ಲಿ ಬೂದುಗುಂಬಳ ಇಡಿ, ಇನ್ನೊಂದರಲ್ಲಿ ಒಂದೆಸಳು ಕರಿಬೇವು ಇಡಿ, ಮುಳ್ಳು ಅಲ್ಲಾಡುವುದಿಲ್ಲ. ಬ್ಯಾಟರಿ ಹಾಕುವ ತಕ್ಕಡಿ ಸೊನ್ನೆ ತೋರಿಸಿ ಸುಮ್ಮನಾಗುತ್ತದೆ. ಹೊರೆ ಹೊತ್ತವನ ಬೆನ್ನಿಗೆ ಭಾರ ಗೊತ್ತಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟು ಭಾರ ಎಂದು ಕೇಳಿದರೆ ಒಬ್ಬೊಬ್ಬರ ಬೆನ್ನು ಒಂದೊಂದು ಹೇಳುತ್ತದೆ. ದೇವಸ್ಥಾನದಲ್ಲಿ ತುಲಾಭಾರಕ್ಕೆ ಕೂತವರು ಎದುರು ತಟ್ಟೆಯಲ್ಲಿ ಒಂದೇ ಒಂದು ಅಚ್ಚು ಬೆಲ್ಲ ಇಟ್ಟು, ಹರಕೆ ತೀರಿತೆಂದು ಎದ್ದು ಹೋಗುತ್ತಾರೆ. ಅರ್ಚಕರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಆದರೆ ತಟ್ಟೆ ಸಮ ನಿಂತಿರುವಾಗ ಅವರಾದರೂ ಏನು ಹೇಳಿಯಾರು.

ಹೀಗಾಗಿ ನಮ್ಮಲ್ಲಿ ಎಲ್ಲವೂ ಅಳತೆಯ ಮೇಲೆ. ಅಕ್ಕಿ ಸೇರಿನಲ್ಲಿ, ಬೇಳೆ ಪಾವಿನಲ್ಲಿ, ಹುಣಸೆಹಣ್ಣು ಹಿಡಿಯಲ್ಲಿ, ಮಾಂಸ ಮುತ್ತುಗದ ಎಲೆಯಲ್ಲಿ. ಕೂಸು ಬೆಳೆಯುತ್ತಿದೆಯೇ ಎಂದು ನೋಡಲು ಎದೆಗೆ ದಾರ ಸುತ್ತಿ ಗಂಟು ಹಾಕುತ್ತಾರೆ. ಹೊರಗಿನ ಊರುಗಳನ್ನೆಲ್ಲ ನಾವು ಒಟ್ಟಾಗಿ ತೂಕದೂರು ಅನ್ನುತ್ತೇವೆ. ಅಲ್ಲಿಂದ ಬರುವ ಸಾಮಾನಿನ ಮೇಲೆ ಕೆಜಿ, ಗ್ರಾಂ ಎಂದೆಲ್ಲ ಅಚ್ಚಾಗಿರುತ್ತದೆ. ಅದನ್ನು ಪಾವಿಗೆ, ಚಮಚಕ್ಕೆ ಇಳಿಸಿ ಹೇಳುವುದೇ ನನ್ನ ಕಸುಬು. ಪೇಟೆಬೀದಿಯ ಹುಣಸೆಮರದ ಬುಡದಲ್ಲಿ ನನ್ನ ಮಣೆ, ಮಣೆಯ ಮುಂದೆ ಸಾಲಾಗಿ ಅಳತೆಪಾತ್ರೆಗಳು. ಹೆಸರು ಶಿವನಂಜಪ್ಪ, ಕರೆಯುವುದು ಅಳತೆ ನಂಜ ಅಂತ.

ಮೊಬೈಲಿನಲ್ಲಿ ಕೇಕು, ಬಿಸ್ಕತ್ತು ಮಾಡುವುದನ್ನು ನೋಡಿದ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಇನ್ನೂರೈವತ್ತು ಗ್ರಾಂ ಮೈದಾ, ನೂರು ಗ್ರಾಂ ಬೆಣ್ಣೆ, ಎಷ್ಟು ಹಾಕಲಿ ನಂಜಣ್ಣ ಅನ್ನುತ್ತಾರೆ. ನನ್ನ ವಿದ್ಯೆಯೇನೂ ದೊಡ್ಡದಲ್ಲ. ಅರ್ಧ ಕೆಜಿ ಎಂದು ಬರೆದ ಪೊಟ್ಟಣ ಒಡೆದು ಎಷ್ಟು ಚಮಚ ಹಿಡಿಯಿತೆಂದು ಎಣಿಸುವುದು, ಭಾಗಿಸುವುದು, ಅಷ್ಟೇ. ಸಕ್ಕರೆ ಮರ್ಯಾದಸ್ಥ, ಯಾವಾಗ ಅಳೆದರೂ ಅಷ್ಟೇ ಇರುತ್ತದೆ. ಎಣ್ಣೆಯದೂ ತಕರಾರಿಲ್ಲ. ಹಿಟ್ಟನ್ನು ಮಾತ್ರ ನಂಬುವಂತಿಲ್ಲ. ಒತ್ತಿದರೆ ಕುಗ್ಗುತ್ತದೆ, ಕೆದಕಿದರೆ ಉಬ್ಬುತ್ತದೆ. ಅದೇ ಪಾವು, ಅದೇ ಹಿಟ್ಟು, ಒಳಗೆ ಹಿಡಿದದ್ದು ಬೇರೆ.

ಅದಕ್ಕೆ ಸರಿಯಾಗಿ ನಮ್ಮೂರ ಪದ್ಧತಿಗಳು. ಇಲ್ಲಿ ಯಾರೂ ಪಾವಿನ ಬಾಯಿಗೆ ಕತ್ತಿ ಎಳೆದು ಸಮ ಮಾಡುವುದಿಲ್ಲ. ಹೆಣದ ಬಾಯಿಗೆ ಹಾಕುವ ಅಕ್ಕಿಯನ್ನು ಮಾತ್ರ ಹಾಗೆ ಅಳೆಯುತ್ತಾರೆ. ಬದುಕಿರುವವರಿಗೆ ಗೋಪುರ ಕಟ್ಟಿಯೇ ಕೊಡಬೇಕು. ಇನ್ನು ಹಬ್ಬ, ಹುಟ್ಟುಹಬ್ಬದ ದಿನ ಹಿಟ್ಟು ಹೆಚ್ಚಿಸುವುದು ಅಂತ ಒಂದಿದೆ. ಮನೆಯಲ್ಲಿರುವ ಹಿಟ್ಟನ್ನೆಲ್ಲ ತೆಳುಬಟ್ಟೆಯಲ್ಲಿ ಜರಡಿ ಹಿಡಿದಂತೆ ಮೂರು ಸಲ ಜಾಳಿಸುತ್ತಾರೆ. ಒಂದು ಪಾವು ಇದ್ದದ್ದು ಒಂದೂಕಾಲು ಪಾವು ಆಗುತ್ತದೆ. ಹೆಚ್ಚಿತು ಎಂದು ಹೇಳಿಕೊಂಡು ಅರಿಶಿನ ಕುಂಕುಮ ಇಟ್ಟು ಡಬ್ಬಿಗೆ ತುಂಬುತ್ತಾರೆ. ತೂಕ ಗೊತ್ತಿಲ್ಲದ ಊರಿನಲ್ಲಿ ಅದು ಹೆಚ್ಚಿದ್ದೇ ಸರಿ. ಒಳಗೆ ತುಂಬಿದ್ದು ಗಾಳಿ ಎಂದು ಹಬ್ಬದ ಮನೆಯಲ್ಲಿ ಯಾರು ಬಾಯಿಬಿಟ್ಟಾರು? ಹಬ್ಬದ ದಿನ ಮಾಡಿದ ಕೇಕು ಕುಸಿದಾಗ ನನ್ನ ಮಣೆಯ ಮುಂದೆ ನಿಂತು ಬೈಯುತ್ತಾರೆ. ಬೈಸಿಕೊಂಡು ನಗುತ್ತೇನೆ. ನಗುತ್ತಿದ್ದೆ ಅನ್ನಬೇಕು.

ನನ್ನ ಹೆಂಡತಿ ಮಂಗಳ ತೂಕದೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಉಪ್ಪಿಟ್ಟು ಮಾಡಲೂ ಹೆದರುತ್ತಿದ್ದಳು. ನಮ್ಮವ್ವ ಸಾಕಮ್ಮ ಅವಳ ಕೈ ಹಿಡಿದು ಬೊಗಸೆ, ಹಿಡಿ, ಚಿಟಿಕೆ ಎಲ್ಲ ಕಲಿಸಿದಳು. ಸಾಕಮ್ಮನ ಕೈ ದೊಡ್ಡದು ಎಂದು ಊರೆಲ್ಲ ಹೇಳುತ್ತದೆ. ಸಾಲ ಕೇಳಿ ಬಂದವರಿಗೂ ಅವಳು ಪಾವಿನ ಮೇಲೆ ಗೋಪುರ ಕಟ್ಟಿ, ಅದು ಜಾರದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದು ಕೊಡುವವಳು. ನಮಗೆ ಒಬ್ಬಳೇ ಮಗಳು, ಹೊನ್ನಿ. ಮಾತಿನ ಮಲ್ಲಿ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ನಿಮ್ಮನೇಲಿ ಏನಡುಗೆ ಅಂತ ಕೇಳಿ, ಅವರು ಹೇಳಿದ್ದಕ್ಕೆ ಮೂಗು ಮುರಿಯುತ್ತಿದ್ದಳು.

ಹೊನ್ನಿಗೆ ಒಂದು ಕಾಯಿಲೆ. ಉಂಡದ್ದರ ಸಕ್ಕರೆಯನ್ನು ಅವಳ ಮೈ ಬಚ್ಚಿಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುವುದಿಲ್ಲ. ಹೊತ್ತು ಮೀರಿದರೆ ಬೆವತು, ತಣ್ಣಗಾಗಿ, ಎಚ್ಚರ ತಪ್ಪುತ್ತದೆ. ತೂಕದೂರಿನ ಡಾಕ್ಟರು ಹೇಳಿದ ಮದ್ದು ಕೇಳಿ ಮೊದಲು ನನಗೆ ನಗು ಬಂದಿತ್ತು. ಕಾರ್ನ್‌ಫ್ಲೋರ್. ಗೋಬಿಮಂಚೂರಿಗೆ ಹಾಕುತ್ತಾರಲ್ಲ, ಅದೇ. ಬೇಯಿಸದೆ, ತಣ್ಣೀರಿನಲ್ಲಿ ಕಲಸಿ ದಿನಕ್ಕೆ ಆರು ಹೊತ್ತು ಕುಡಿಸಬೇಕು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ಮುಂದಿನ ಹೊತ್ತಿನವರೆಗೆ ಮಗುವನ್ನು ಹಿಡಿದು ನಿಲ್ಲಿಸುತ್ತದೆ. ಪ್ರತಿ ಹೊತ್ತಿಗೆ ಇಷ್ಟೇ ಗ್ರಾಂ ಎಂದು ಡಾಕ್ಟರು ಬರೆದುಕೊಟ್ಟರು. ಕಡಿಮೆಯಾದರೆ ಅಪಾಯ. ಹೆಚ್ಚಾದರೆ ವಾಂತಿಯಾಗುತ್ತದೆ, ಆಗ ಕುಡಿದದ್ದೂ ಹೊರಗೆ ಬರುತ್ತದೆ, ಅದು ಇನ್ನೂ ಅಪಾಯ. ಮೊದಲ ಸ್ವಲ್ಪ ಕಾಲ ಅಲ್ಲಿಯ ಔಷಧಿ ಅಂಗಡಿಯವರೇ ತೂಗಿ ಪುಟ್ಟ ಪೊಟ್ಟಣ ಕಟ್ಟಿಕೊಟ್ಟರು. ಅಷ್ಟೊಂದು ಪೊಟ್ಟಣ ಕಟ್ಟುವುದು ಅವರಿಗೆ ಬೇಜಾರಾಯಿತು. ಇಲ್ಲಿಂದಾಚೆಗೆ ನೀವೇ ನೋಡಿಕೊಳ್ಳಿ ಅಂದರು.

ನಾನು ನೋಡಿಕೊಂಡೆ. ಪೊಟ್ಟಣದ ಮೇಲೆ ಪೊಟ್ಟಣ ಒಡೆದು ಚಮಚದಲ್ಲಿ ಎಣಿಸಿದೆ, ಜಡಿದು ಎಣಿಸಿದೆ, ಮಳೆಗಾಲದ ತೇವದಲ್ಲಿ ಒಮ್ಮೆ, ಬಿಸಿಲಿನಲ್ಲಿ ಒಮ್ಮೆ. ಕಂಚುಗಾರರ ಹತ್ತಿರ ಪುಟ್ಟ ಹಿತ್ತಾಳೆ ಬಟ್ಟಲು ಮಾಡಿಸಿದೆ. ಹಿಟ್ಟು ತುಂಬಿ, ನೆಲಕ್ಕೆ ಚೆನ್ನಾಗಿ ತಟ್ಟಿ, ಬಾಯಿಗೆ ಕತ್ತಿ ಎಳೆದರೆ ಒಂದು ಹೊತ್ತಿನ ಲೆಕ್ಕ ಸರಿಯಾಗಬೇಕು. ಅವ್ವನಿಗೆ ತೋರಿಸಿದಾಗ ಅವಳು ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಬದುಕಿ ಬಾಳೋ ಮಗೂಗೆ ಕತ್ತಿ ಎಳೆದು ಅಳಿ ಅಂತೀಯಲ್ಲೋ, ನಿನ್ನ ನಾಲಿಗೆಗಷ್ಟು ಬೆಂಕಿ ಬೀಳ,” ಅಂದಳು.

ಮಧ್ಯಾಹ್ನದ ಎರಡು ಹೊತ್ತು ಕುಡಿಸುವವಳು ಅವ್ವನೇ. ನಾನು ಮಣೆಯ ಹತ್ತಿರ ಇರುತ್ತೇನೆ, ಮಂಗಳ ಪೇಟೆಯ ಹೊಲಿಗೆ ಅಂಗಡಿಯಲ್ಲಿರುತ್ತಾಳೆ. ಆದ್ದರಿಂದ ಅವ್ವನ ಜೊತೆ ಜಗಳವಾಡಿ ಗೆಲ್ಲುವಂತಿರಲಿಲ್ಲ. ಬಟ್ಟಲನ್ನು ಸ್ವಲ್ಪ ದೊಡ್ಡದು ಮಾಡಿಸಿ ಒಳಗೆ ಒಂದು ಗೆರೆ ಕೊರೆಸಿದೆ. ತಟ್ಟಿ, ಗೆರೆ ಮುಟ್ಟುವವರೆಗೆ ತುಂಬಿದರಾಯಿತು, ಕತ್ತಿ ಬೇಡ. ಅವ್ವ ಒಪ್ಪಿದಳು. ಒಪ್ಪಿದ ಮೇಲೆ ಒಂದು ದಿನವೂ ತಪ್ಪಲಿಲ್ಲ. ಸೆರಗಿನಿಂದ ಬಟ್ಟಲು ಒರೆಸಿ, ಗೆರೆಯ ಮಟ್ಟಕ್ಕೆ ಕಣ್ಣು ತಂದು ನೋಡಿ, ಕಲಸಿ, ಕಥೆ ಹೇಳುತ್ತ ಕುಡಿಸುತ್ತಿದ್ದಳು. ಹಬ್ಬದ ದಿನಗಳಲ್ಲಿ ನಾನು ಮನೆಯಲ್ಲೇ ಇರುತ್ತಿದ್ದೆ, ಅವತ್ತಿನ ಹೊತ್ತುಗಳನ್ನು ನಾನೇ ತಟ್ಟಿ ಅಳೆಯುತ್ತಿದ್ದೆ. ಹೊನ್ನಿ ಐದು ವರ್ಷ ತುಂಬುವವರೆಗೂ ಚೆಂದವಾಗಿಯೇ ಬೆಳೆದಳು. ಎದೆಯ ದಾರಕ್ಕೆ ಹೊಸ ಹೊಸ ಗಂಟು ಬೀಳುತ್ತಿತ್ತು.

ಐದನೆಯ ಹುಟ್ಟುಹಬ್ಬದ ದಿನ ಮದುವೆ ಬಟ್ಟೆಗಳ ಕೆಲಸ ಜೋರಾಗಿದ್ದರಿಂದ ಮಂಗಳ ಅರ್ಧ ದಿನಕ್ಕಾದರೂ ಹೋಗಲೇಬೇಕಿತ್ತು. ನಾನೂ ಹೋದೆ. ಸಂಜೆ ಹೊತ್ತಿಗೆ ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು ಇಬ್ಬರೂ ಒಟ್ಟಿಗೆ ಮನೆಗೆ ಬಂದೆವು. ಅವ್ವ ಹೊಸಿಲಿಗೆ ರಂಗೋಲಿ ಹಾಕಿ, ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಹೊನ್ನಿ ಎಲ್ಲಿ ಎಂದರೆ ಮಲಗಿದ್ದಾಳೆ ಅಂದಳು. ಇಷ್ಟು ಹೊತ್ತು ಮಲಗಿಸಿದ್ದೀಯ, ಎರಡನೇ ಹೊತ್ತಿನದು ಕುಡಿಸಿದೆಯಾ ಎಂದು ಕೇಳುತ್ತಲೇ ನಾನು ಚಪ್ಪಲಿ ಬಿಟ್ಟೆ.

“ಹುಟ್ಟಿದಬ್ಬ ಅಲ್ವಾ, ಮಧ್ಯಾಹ್ನ ಗೆರೆ ದಾಟಿಸಿ ಜಾಸ್ತೀನೇ ಹಾಕಿ ಕೊಟ್ಟೆ,” ಅಂದಳು ಅವ್ವ. “ಹೊಟ್ಟೆ ತುಂಬಿ ನಿದ್ದೆ ಮಾಡ್ತಾವಳೆ. ಇನ್ನೊಂಚೂರು ಮಲಗಲಿ ಬಿಡು.”

ಮಂಗಳ ಆಗಲೇ ಒಳಗೆ ಓಡಿದ್ದಳು. ಹೊನ್ನಿಯ ಹೊಸ ಲಂಗ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು. ಕೈಕಾಲು ಸೆಟೆದು ಸೆಟೆದು ಅದುರುತ್ತಿದ್ದವು, ಕಣ್ಣು ಅರ್ಧ ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ತುಟಿ ಬಿಡಿಸಿ ಸಕ್ಕರೆ ನೀರು ಸವರಿದೆವು, ಬೆಲ್ಲ ತೇದು ಒಸಡಿಗೆ ಹಚ್ಚಿದೆವು. ಪಕ್ಕದ ಮನೆಯವರ ವ್ಯಾನಿನಲ್ಲಿ ತೂಕದೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವ್ವ ಮಗುವಿನ ಪಾದ ಉಜ್ಜುತ್ತ, ಜಾಸ್ತೀನೇ ಕೊಟ್ಟಿದ್ದೆನಲ್ಲೋ, ಜಾಸ್ತೀನೇ ಕೊಟ್ಟಿದ್ದೆನಲ್ಲೋ ಅನ್ನುತ್ತಿದ್ದಳು. ಅವಳಿಗೆ ಸಮಾಧಾನ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ. ಜಾಸ್ತಿ ಕೊಟ್ಟಿದ್ದರೆ ಹೀಗೇಕಾಯಿತು ಎನ್ನುವುದು ನನಗೂ ಅರ್ಥವಾಗಿರಲಿಲ್ಲ.

ಹೊನ್ನಿ ಉಳಿದಳು. ಉಳಿದಳು ಅನ್ನುವ ಮಾತನ್ನು ಊರವರು ಸಂತೋಷದಿಂದ ಹೇಳಿದರು, ದೇವರಿಗೆ ಹಣ್ಣುಕಾಯಿ ಮಾಡಿಸಿದರು. ಮನೆಗೆ ಕರೆತಂದ ಹೊನ್ನಿಗೆ ಮಾತಿರಲಿಲ್ಲ. ಕೂರಿಸಿದರೆ ಕೂರುತ್ತಾಳೆ, ಒರಗಿಸಿದರೆ ಒರಗುತ್ತಾಳೆ. ಮಿದುಳು ಬಹಳ ಹೊತ್ತು ಉಪವಾಸ ಇತ್ತು, ಹೋದದ್ದು ವಾಪಸು ಬರುವುದು ಕಷ್ಟ ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದರು. ನುಂಗುವುದೊಂದು ಉಳಿದಿದೆ, ಅದೇ ಪುಣ್ಯ ಅಂದಿದ್ದರು. ಆ ನುಂಗುವುದೂ ಅಜ್ಜಿಯ ಕೈಯಿಂದ ಮಾತ್ರ. ನಾನು ಬಟ್ಟಲು ಹಿಡಿದರೆ ಹಲ್ಲು ಕಚ್ಚುತ್ತಾಳೆ. ಮಂಗಳ ಹಿಡಿದರೆ ಮುಖ ತಿರುವಿ ಉಗುಳುತ್ತಾಳೆ. ಅವ್ವ ಹತ್ತಿರ ಕೂತು, ಹಳೆಯ ಕಥೆಯ ಮೊದಲ ಸಾಲು ಹೇಳಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಒಂದು ಬಾಯಿ ತೆರೆಯುವುದನ್ನು ನೋಡಿಯೇ ನಾವು ಮೂವರೂ ದಿನ ದೂಡುತ್ತಿದ್ದೆವು.

ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ, ಅಲ್ಲಿಯವರು ಕಟ್ಟಿಕೊಟ್ಟಿದ್ದ ಪೊಟ್ಟಣಗಳು ಮುಗಿದ ಮೇಲೆ, ಕಾರ್ನ್‌ಫ್ಲೋರಿನ ಡಬ್ಬಿ ತೆರೆದೆ. ಹುಟ್ಟುಹಬ್ಬದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಪೊಟ್ಟಣ ಸುರಿದರೆ ಡಬ್ಬಿಯ ಕಂಠದ ಕೆಳಗೇ ನಿಲ್ಲುತ್ತಿದ್ದ ಹಿಟ್ಟು ಮುಚ್ಚಳಕ್ಕೆ ತಾಗುವಷ್ಟು ಎದ್ದು ನಿಂತಿತ್ತು. ಮೇಲೊಂದು ಚಿಟಿಕೆ ಕುಂಕುಮ. ಹೆಚ್ಚಿಸಿದ್ದಳು. ರಾಗಿ, ಅಕ್ಕಿ, ಗೋಧಿ ಹಿಟ್ಟಿನ ಜೊತೆಗೆ ಮೊಮ್ಮಗಳ ಹಿಟ್ಟನ್ನೂ ಮೂರು ಸಲ ಜಾಳಿಸಿ ಹೆಚ್ಚಿಸಿದ್ದಳು. ಹೆಚ್ಚಿಸಿದ ಹಿಟ್ಟನ್ನು ತಟ್ಟಬಾರದು, ಬಂದ ಲಕ್ಷ್ಮಿಯನ್ನು ತಲೆಗೆ ಹೊಡೆದು ಕೂರಿಸಿದಂತೆ ಎಂದು ನಮ್ಮ ಹೆಂಗಸರು ನಂಬುತ್ತಾರೆ. ಆದ್ದರಿಂದ ತಟ್ಟಿಯೂ ಇರಲಿಲ್ಲ. ಗೆರೆ ದಾಟಿಸಿ ತುಂಬಿದ್ದಳು, ಒಳಗಿದ್ದದ್ದು ಮೂರರಲ್ಲಿ ಎರಡು ಪಾಲು ಇದ್ದರೆ ಹೆಚ್ಚು. ಜಾಸ್ತಿ ಕೊಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಎಬ್ಬಿಸದೆ ಮಲಗಿಸಿದ್ದಳು. ನನಗೆ ಅವಳ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು. ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದರೆ ಅವಳು ಹೊನ್ನಿಯ ಜೊಲ್ಲು ಒರೆಸುತ್ತ ಕೂತಿದ್ದಳು. ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ನನ್ನ ಎದೆಯಲ್ಲೇ ಕೂತಿತು.

ಮಂಗಳ ನನ್ನ ಹಿಂದೆ ನಿಂತು ಡಬ್ಬಿಯನ್ನೇ ನೋಡುತ್ತಿದ್ದಳು. ತೂಕದೂರಿನವಳಿಗೆ ಬಿಡಿಸಿ ಹೇಳುವುದೇನಿತ್ತು. ಸೆರಗಿನಿಂದ ಬಾಯಿ ಒತ್ತಿಕೊಂಡು ಹಿತ್ತಲಿಗೆ ಹೋದಳು, ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು.

“ಅತ್ತೆಗೆ ಹೇಳಬೇಡಿ,” ಅಂದಳು. “ಅವರ ಮೇಲಿನ ಕರುಣೆಗಲ್ಲ ನಾನು ಹೇಳ್ತಿರೋದು. ಅವರ ಕೈ ನಿಂತರೆ ಹೊನ್ನಿ ಬಾಯಿ ತೆರೆಯಲ್ಲ.”

ಹೇಳಲಿಲ್ಲ. ಆರು ಲೋಟ ತಂದು, ಬೆಳಿಗ್ಗೆಯೇ ಆರು ಹೊತ್ತಿನ ಹಿಟ್ಟನ್ನು ನಾನೇ ತಟ್ಟಿ ಅಳೆದು ಮುಚ್ಚಿಡತೊಡಗಿದೆ. ಅವ್ವ ನೀರು ಹಾಕಿ ಕಲಸಿ ಕುಡಿಸಿದರೆ ಸಾಕು. ಡಾಕ್ಟರು ಹಾಗೆ ಹೇಳಿದ್ದಾರೆ ಎಂದು ಸುಳ್ಳು ಹೇಳಿದೆ. ಅವಳ ಮುಖ ಸಣ್ಣದಾಯಿತು. ಜೀವಮಾನವೆಲ್ಲ ಅಳೆದ ಕೈಯಿಂದ ಅಳತೆ ಕಿತ್ತುಕೊಂಡರೆ ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಲೋಟದ ತಳದಲ್ಲಿ ಗಟ್ಟಿಯಾಗಿ ಕೂತ ಹಿಟ್ಟನ್ನು ನೋಡಿ, ಇಷ್ಟೇ ಇಷ್ಟು ಕೊಟ್ಟರೆ ಮಗೂಗೆ ಶಕ್ತಿ ಹೇಗೆ ಬಂದೀತು ಎಂದು ಒಂದೆರಡು ಸಲ ಮಂಗಳನ ಹತ್ತಿರ ಗೊಣಗಿದ್ದಳಂತೆ. ನಾವು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಗೌರಿಹಬ್ಬ ಬಂತು. ಅವತ್ತು ನಾನು ಯಾಕೋ ಬೇಗನೆ ಮಣೆ ಎತ್ತಿ ಮನೆಗೆ ಬಂದೆ. ಅವ್ವ ನಡುಮನೆಯಲ್ಲಿ ಬಿಳಿ ಪಂಚೆ ಹಾಸಿಕೊಂಡು ಕೂತಿದ್ದಳು. ಮಧ್ಯಾಹ್ನದ ಮೊದಲ ಲೋಟದ್ದನ್ನೂ ಹೆಚ್ಚಿಸಿಯೇ ಕುಡಿಸಿದ್ದಳು, ಆ ಲೋಟ ಬರಿದಾಗಿತ್ತು. ಉಳಿದವುಗಳ ಹಿಟ್ಟನ್ನೆಲ್ಲ ಪಂಚೆಯ ಮೇಲೆ ಸುರಿದು, ಜಾಳಿಸಿ, ಮತ್ತೆ ಅವೇ ಲೋಟಗಳಿಗೆ ನಾನು ತುಂಬಿದ್ದ ಮಟ್ಟಕ್ಕಿಂತ ಒಂದು ಬೆರಳು ಮೇಲಕ್ಕೆ ತುಂಬುತ್ತಿದ್ದಳು. ಹೆಚ್ಚಾಗಿ ಉಳಿದದ್ದು ಪಂಚೆಯ ಮೇಲೆ ಗುಡ್ಡೆಯಾಗಿತ್ತು. ನೋಡು ಎಷ್ಟು ಹೆಚ್ಚಿದೆ ಎಂದು ನನಗೆ ತೋರಿಸಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಹೊನ್ನಿ ಗೋಡೆಗೆ ಒರಗಿ ಕೂತಿದ್ದಳು, ಹಣೆ ಮುಟ್ಟಿದರೆ ತಣ್ಣಗೆ, ಬೆವರು. ಬೆಲ್ಲದ ನೀರಿನ ಲೋಟ ಅವ್ವನ ಕೈಗೆ ಕೊಟ್ಟು ಕುಡಿಸು ಕುಡಿಸು ಎಂದೆ. ಅವ್ವ ಗಾಬರಿಯಲ್ಲೇ ಕಥೆಯ ಸಾಲು ಹೇಳಿದಳು, ಹೊನ್ನಿ ಬಾಯಿ ತೆರೆದಳು, ಗುಟುಕರಿಸಿದಳು. ಸ್ವಲ್ಪ ಹೊತ್ತಿಗೆ ಹಣೆ ಬೆಚ್ಚಗಾಯಿತು.

ಹೇಳದೆ ಇದ್ದರೆ ಇವತ್ತಲ್ಲ ನಾಳೆ ಮತ್ತೆ ಹೆಚ್ಚಿಸುತ್ತಾಳೆ. ಹಬ್ಬಗಳಿಗೇನು ಕಡಿಮೆ. ಬೀಗ ಹಾಕಿಡಬಹುದಿತ್ತೇನೋ, ಲೋಟಗಳನ್ನು ಬೇರೆಯವರ ಮನೆಯಲ್ಲಿ ಇಡಬಹುದಿತ್ತೇನೋ. ಆ ಹೊತ್ತಿನಲ್ಲಿ ನನಗೆ ಅದೊಂದೂ ಹೊಳೆಯಲಿಲ್ಲ. ಅವ್ವನ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಜಾಳಿಸಿದರೆ ಹಿಟ್ಟು ಹೆಚ್ಚುವುದಿಲ್ಲ, ನಡುವೆ ಗಾಳಿ ಸೇರುತ್ತದೆ, ಬಟ್ಟಲು ತುಂಬಿದಂತೆ ಕಾಣುತ್ತದೆ, ಹೊಟ್ಟೆಗೆ ಹೋಗುವುದು ಕಡಿಮೆ ಅಂದೆ. ಅವಳು ತಲೆ ತಗ್ಗಿಸಿ ಕೇಳಿದಳು. ಬೆರಳಿನಿಂದ ಪಂಚೆಯ ಮೇಲಿನ ಗುಡ್ಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

“ಹುಟ್ಟಿದಬ್ಬದ ದಿನವೂ ಹಿಂಗೇ ಮಾಡಿದ್ದೆ,” ಅಂದಳು ಕೊನೆಗೆ.

ಹೂಂ ಅಂದೆ.

“ಅವತ್ತು ಎಷ್ಟು ಕಡಿಮೆ ಆಗಿತ್ತು?”

ಇರಲಿ ಬಿಡವ್ವ, ಈಗ ಯಾಕೆ ಅದು, ಸ್ವಲ್ಪ ಅಂದೆ.

“ಊರಿಗೆಲ್ಲ ಲೆಕ್ಕ ಹೇಳ್ತೀಯ. ನಂಗೂ ಹೇಳು ಮಗಾ, ಎಷ್ಟು?”

ಅವಳು ನನ್ನನ್ನು ಬಿಡುವಂತಿರಲಿಲ್ಲ. ಡಬ್ಬಿಯಿಂದ ಚಮಚದಲ್ಲಿ ಹಿಟ್ಟು ತೆಗೆದು, ತಟ್ಟಿ, ಅವಳ ಅಂಗೈ ಮೇಲೆ ಹಾಕಿದೆ. ಅದರ ಮೇಲೆ ಇನ್ನೊಂದು ಚಮಚ. ಇಷ್ಟು ಅಂದೆ. ಸಾಲ ಕೇಳಿ ಬಂದವರಿಗೆ ಅಳತೆ ಮುಗಿದ ಮೇಲೆ ಅವಳು ಸುಮ್ಮನೆ ಎಸೆಯುತ್ತಿದ್ದ ಕೊಸರಿಗಿಂತ ಕಡಿಮೆ. ಅವ್ವ ಅಂಗೈಯನ್ನು ನೋಡುತ್ತ ಕೂತಳು. ಅಳಲಿಲ್ಲ. ಮಂಗಳ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ, ಪಂಚೆ ನೋಡಿ, ಅತ್ತೆಯ ಅಂಗೈ ನೋಡಿ, ಹೇಳಿಬಿಟ್ಟಿರಾ ಎಂದಷ್ಟೇ ಕೇಳಿದಳು.

ಮುಂದಿನ ಹೊತ್ತು ಬಂತು. ಹಿಟ್ಟನ್ನು ನಾನು ಅಳೆದು, ನಾನೇ ಕಲಸಿ, ಬಟ್ಟಲನ್ನು ಅವ್ವನ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ನನ್ನ ಕೈ ಬೇಡ ಕಣಪ್ಪಾ, ಇದು ಒಳ್ಳೇ ಕೈ ಅಲ್ಲ ಅಂದಳು. ನಾನು ಕುಡಿಸಲು ಹೋದೆ. ಹೊನ್ನಿ ಹಲ್ಲು ಕಚ್ಚಿದಳು. ಮಂಗಳ ಹೋದಳು, ಹೊನ್ನಿ ಮುಖ ತಿರುವಿದಳು. ಹೊತ್ತು ಮೀರುತ್ತಿತ್ತು. ಮಂಗಳ ಅತ್ತೆಯ ಕಾಲು ಹಿಡಿದುಕೊಂಡಳು. ಅವ್ವ ಬಟ್ಟಲು ಎತ್ತಿಕೊಂಡಳು, ಮೊಮ್ಮಗಳ ಹತ್ತಿರ ಸರಿದಳು, ಕಥೆಯ ಮೊದಲ ಸಾಲನ್ನು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಅಷ್ಟಕ್ಕೇ ಹೊನ್ನಿ ಬಾಯಿ ತೆರೆದಳು.

ಅವ್ವನ ಕೈ ನಡುಗಿತು. ವಯಸ್ಸಿನ ನಡುಕವಲ್ಲ, ಆವರೆಗೆ ಆ ಕೈ ನಡುಗಿದ್ದನ್ನು ನಾನು ನೋಡಿದ್ದೇ ಇಲ್ಲ. ಬಟ್ಟಲು ಹಲ್ಲಿಗೆ ಬಡಿದು, ಬಿಳಿ ನೀರು ಒಂದಷ್ಟು ಒಳಗೆ ಹೋಯಿತು, ಒಂದಷ್ಟು ಗಲ್ಲದಿಂದ ಇಳಿಯಿತು. ನಾನು ಇನ್ನೊಂದು ಕೈ ಆನಿಸಲು ಹೋದರೆ ಹೊನ್ನಿ ಬಾಯಿ ಮುಚ್ಚಿಕೊಳ್ಳುತ್ತಾಳೆ, ಕೈ ತೆಗೆದರೆ ತೆರೆಯುತ್ತಾಳೆ. ಕೊರಳ ಕೆಳಗೆ ಕಟ್ಟಿದ್ದ ಬಟ್ಟೆ ನೆನೆಯುತ್ತ ಹೋಯಿತು, ಬಟ್ಟಲು ಖಾಲಿಯಾಯಿತು.

ಇನ್ನೂ ಕೊಡದಿದ್ದರೆ ಕಡಿಮೆಯಾದೀತು. ಕೊಟ್ಟರೆ ಹೆಚ್ಚಾಗಿ, ವಾಂತಿಯಾಗಿ, ಹೋದದ್ದೂ ಬಂದೀತು. ಅವ್ವ ಬರಿದಾದ ಬಟ್ಟಲು ಹಿಡಿದು ನನ್ನ ಕಡೆ ತಿರುಗಿ, ಇನ್ನೆಷ್ಟು ಹಾಕಲಿ ನಂಜ ಎಂದು ಕೇಳಿದಳು. ನಾನು ಆ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದೆ, ಹಿಂಡಿದೆ, ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆ ಎಷ್ಟು ಕುಡಿದಿತ್ತೋ, ಮಗು ಎಷ್ಟು ಕುಡಿದಿತ್ತೋ, ನನಗೆ ಗೊತ್ತಾಗಲಿಲ್ಲ. ಹೊನ್ನಿ ಬಾಯಿ ತೆರೆದುಕೊಂಡೇ ಇದ್ದಳು.